ಮಂಜಿನ ಬೆಟ್ಟದ ಚಹಾ: ತೈವಾನ್‌ನ ಹೈ ಮೌಂಟನ್ ಊಲಾಂಗ್ ಸವಿಯೋದು ಹೇಗೆ?

ಇವತ್ತು ಒಂದು ಚಹಾದ ಕಥೆ. ಹಾಲಿಲ್ಲ, ಸಕ್ಕರೆ ಇಲ್ಲ, ಶುಂಠಿ-ಏಲಕ್ಕಿನೂ ಇಲ್ಲ. ಬೆಲೆ ಮಾತ್ರ ನಮ್ಮ ಮನೆಯ ಟೀ ಪುಡಿಗಿಂತ ಎಷ್ಟೋ ಪಟ್ಟು ಜಾಸ್ತಿ. ಇಷ್ಟು ದುಡ್ಡು ಕೊಟ್ಟು ತಂದದ್ದನ್ನ ಪಾತ್ರೆಗೆ ಸುರಿದು ಕುದಿಸಿಬಿಟ್ಟರೆ ಕೆಲಸ ಕೆಟ್ಟಿತು. ಇನ್ನೊಂದು ಸಮಸ್ಯೆನೂ ಇದೆ. ಇದರ ಹೆಸರಲ್ಲಿ ಬೇರೆ ಚಹಾ ಮಾರೋರು ಕಡಿಮೆ ಏನಿಲ್ಲ. ಹಾಗಾಗಿ ರುಚಿ ನೋಡೋದನ್ನ ಕಲಿಯೋದು ಬರೀ ಶೋಕಿಯಲ್ಲ, ಜೇಬಿನ ಪ್ರಶ್ನೆ ಕೂಡ.

ತೈವಾನ್‌ನಲ್ಲಿ ಇದನ್ನ ‘ಗಾವ್‌ಶಾನ್ ಚಾ’ ಅಂತಾರೆ. ಗಾವ್ ಅಂದ್ರೆ ಎತ್ತರ, ಶಾನ್ ಅಂದ್ರೆ ಬೆಟ್ಟ, ಚಾ ಅಂದ್ರೆ... ಅದನ್ನ ನಾನು ಹೇಳಬೇಕಾಗಿಲ್ಲ, ನಮ್ಮ ‘ಚಹಾ’ ಬಂದಿದ್ದೂ ಅದೇ ಮೂಲದಿಂದ. ಸಾಮಾನ್ಯವಾಗಿ ಸಮುದ್ರಮಟ್ಟದಿಂದ 1000 ಮೀಟರ್‌ಗಿಂತ ಮೇಲೆ ಬೆಳೆದದ್ದಕ್ಕೆ ಈ ಹೆಸರು. ಆಲಿಶಾನ್, ಶಾನ್‌ಲಿನ್‌ಶಿ, ಲೀಶಾನ್ ಅನ್ನೋ ಹೆಸರುಗಳನ್ನ ಪ್ಯಾಕೆಟ್ ಮೇಲೆ ನೋಡಿರ್ತೀರಿ. ಎಲ್ಲವೂ ಬೆಟ್ಟದ ಪ್ರದೇಶಗಳೇ. ಲೀಶಾನ್‌ನ ಕೆಲವು ತೋಟಗಳು 2000 ಮೀಟರ್ ದಾಟುತ್ತವೆ. ಅಂದ್ರೆ ನಮ್ಮ ಮುಳ್ಳಯ್ಯನಗಿರಿ ತುದಿಗಿಂತಲೂ ಎತ್ತರದಲ್ಲಿ ಚಹಾ ಗಿಡ!

ಎತ್ತರದಿಂದ ರುಚಿ ಯಾಕೆ ಬದಲಾಗುತ್ತೆ? ಚಹಾ ಗಿಡದ ಬೇರಿನಲ್ಲಿ ಥಿಯನೀನ್ ಅನ್ನೋ ಅಮೈನೊ ಆಮ್ಲ ತಯಾರಾಗಿ ಎಲೆಗೆ ಏರುತ್ತೆ. ಬಾಯಿಗೆ ಸಿಹಿ-ಸಾರದ ಅನುಭವ ಕೊಡೋದು ಇದೇ. ಖಡಕ್ ಬಿಸಿಲು ಬಿದ್ದರೆ ಅದು ಒಡೆದುಹೋಗುತ್ತೆ, ಎಲೆಯಲ್ಲಿ ಕ್ಯಾಟೆಚಿನ್‌ಗಳು ಹೆಚ್ಚುತ್ತವೆ. ಕಹಿ, ಒಗರು ಎರಡೂ ಅವುಗಳ ಕೊಡುಗೆ. ಬೆಟ್ಟದಲ್ಲಿ ಮಧ್ಯಾಹ್ನವಾದರೆ ಮಂಜು ಕವಿಯುತ್ತೆ, ರಾತ್ರಿ ಚಳಿ. ಗಿಡ ನಿಧಾನಕ್ಕೆ ಬೆಳೆಯುತ್ತೆ, ಎಲೆ ದಪ್ಪ ಆಗುತ್ತೆ, ಸಿಹಿ ಉಳಿಯುತ್ತೆ. ವರ್ಷಕ್ಕೆ ಸಿಗೋ ಕೊಯ್ಲು ಮಾತ್ರ ಕಡಿಮೆ. ಬೆಲೆಯ ಗುಟ್ಟು ಅರ್ಧ ಇಲ್ಲೇ ಇದೆ.

ಉಳಿದರ್ಧ ಕೈಕೆಲಸ. ಕೊಯ್ದ ಎಲೆಯನ್ನ ಬಿಸಿಲಲ್ಲಿ ಬಾಡಿಸ್ತಾರೆ, ಆಮೇಲೆ ಒಳಗಿಟ್ಟು ಆಗಾಗ ಕುಲುಕ್ತಾರೆ. ಅಂಚು ಜಜ್ಜಿ, ಗಾಳಿ ತಾಗಿ ಕೆಂಪಾಗೋಕೆ ಶುರುವಾಗುತ್ತೆ. ಹೂವಿನ ಪರಿಮಳ ಹುಟ್ಟೋದು ಈ ಹಂತದಲ್ಲಿ. ಎಷ್ಟೋ ಸಲ ರಾತ್ರಿಯಿಡೀ ಈ ಕೆಲಸ. ಸರಿಯಾದ ಹೊತ್ತಿಗೆ ಶಾಖ ಕೊಟ್ಟು ಅದನ್ನ ನಿಲ್ಲಿಸಬೇಕು. ಆಮೇಲೆ ಬಟ್ಟೆಯಲ್ಲಿ ಗಂಟು ಕಟ್ಟಿ, ಉರುಳಿಸಿ, ಬಿಚ್ಚಿ, ಮತ್ತೆ ಕಟ್ಟಿ, ಮತ್ತೆ ಉರುಳಿಸಿ, ಪುಟ್ಟ ಹಸಿರು ಉಂಡೆ ಮಾಡ್ತಾರೆ.

ಈಗ ಕಪ್ಪಿಗೆ ಬರೋಣ.

100 ಮಿಲಿಲೀಟರ್‌ನ ಮುಚ್ಚಳದ ಬಟ್ಟಲು ಇದ್ದರೆ 5-6 ಗ್ರಾಂ ಎಲೆ ಹಾಕಿ. ನೀರು ಬಿಸಿ ಬಿಸಿಯಾಗೇ ಇರಲಿ, 95 ಡಿಗ್ರಿ ಆಸುಪಾಸು. ಗ್ರೀನ್ ಟೀಗೆ ಹೇಳೋ ಹಾಗೆ ಆರಿಸಬೇಕಾಗಿಲ್ಲ, ಆರಿದ ನೀರಿಗೆ ಈ ಉಂಡೆಗಳು ಬಿಚ್ಚಿಕೊಳ್ಳಲ್ಲ. ಬೆಂಗಳೂರಿನವರಿಗೆ ಇದು ಇನ್ನೂ ಸುಲಭ. ನಮ್ಮ ಊರಿನ ಎತ್ತರದಲ್ಲಿ ನೀರು ಕುದಿಯೋದೇ ಸುಮಾರು 97 ಡಿಗ್ರಿಗೆ. ಬೋರ್‌ವೆಲ್ ನೀರು ಬೇಡ, ಗಡಸು ನೀರಲ್ಲಿ ಪರಿಮಳ ಸತ್ತುಹೋಗುತ್ತೆ. ಮೊದಲ ಸಲ 50 ಸೆಕೆಂಡ್ ಬಿಟ್ಟು ಸೋಸಿ. ಎರಡನೇ ಸಲ ಉಂಡೆ ಆಗಲೇ ಅರಳಿರುತ್ತೆ, 30 ಸೆಕೆಂಡ್ ಸಾಕು. ಆಮೇಲೆ ಪ್ರತಿ ಸಲ ಸ್ವಲ್ಪ ಸ್ವಲ್ಪ ಹೆಚ್ಚಿಸಿ. ಒಳ್ಳೆ ಎಲೆ ಐದಾರು ಸಲ ಆರಾಮಾಗಿ ಬರುತ್ತೆ. ಒಂದು ಕಪ್ಪಿನ ಲೆಕ್ಕಕ್ಕೆ ಭಾಗಿಸಿದರೆ ಬೆಲೆ ಅಷ್ಟೇನೂ ಹೆದರಿಸಲ್ಲ ಬಿಡಿ.

ಕುಡಿಯೋಕೆ ಮುಂಚೆ ಮೂಗಿಗೆ ಕೆಲಸ ಕೊಡಿ. ತೈವಾನ್‌ನಲ್ಲಿ ಇದಕ್ಕೇ ಅಂತ ಎತ್ತರದ, ಕಿರಿದಾದ ಕಪ್ ಇದೆ. ಚಹಾವನ್ನ ಅದಕ್ಕೆ ಸುರಿದು, ಕುಡಿಯೋ ಕಪ್‌ಗೆ ಬಗ್ಗಿಸಿ, ಖಾಲಿ ಕಪ್ಪನ್ನ ಮೂಸ್ತಾರೆ! ನಗಬೇಡಿ, ಒಂದು ಸಣ್ಣ ಸ್ಟೀಲ್ ಲೋಟದಲ್ಲಿ ಮಾಡಿ ನೋಡಿ. ಬಿಸಿ ಇದ್ದಾಗ ಹೂವು, ಕೆಲವು ಸಲ ಬೆಣ್ಣೆ, ಬೇಯಿಸಿದ ಹಸಿ ಬಟಾಣಿ. ಲೋಟ ಆರುತ್ತಾ ಬಂದ ಹಾಗೆ ಜೇನು, ಕಬ್ಬಿನ ಹಾಲಿನಂಥ ವಾಸನೆ.

ಆಮೇಲೆ ಸೊರ್ರ್ ಅಂತ ಸದ್ದು ಮಾಡಿಕೊಂಡೇ ಕುಡಿಯಿರಿ. ಗಾಳಿ ಬೆರೆತು ಪರಿಮಳ ಗಂಟಲ ಹಿಂದಿನಿಂದ ಮೂಗಿಗೆ ಹತ್ತುತ್ತೆ. ಇಲ್ಲಿ ಕನ್ನಡದ ಒಂದು ಪದ ನಮಗೆ ಭಾರಿ ಸಹಾಯ ಮಾಡುತ್ತೆ: ಒಗರು. ಕಹಿ ನಾಲಿಗೆಯ ರುಚಿ, ಒಗರು ಬಾಯಿ ಒಣಗಿ ಹಿಡಿದಂತಾಗೋ ಸ್ಪರ್ಶ. ನೇರಳೆ ಹಣ್ಣು ತಿಂದವರಿಗೆಲ್ಲ ಇದು ಗೊತ್ತು. ಒಳ್ಳೆ ಬೆಟ್ಟದ ಊಲಾಂಗ್‌ನಲ್ಲಿ ಒಗರು ಬಹಳ ತೆಳು, ಬಂದ ಹಾಗೆ ಹೋಗುತ್ತೆ. ಗಂಜಿ ತಿಳಿಯ ಹಾಗೆ ನುಣುಪಾಗಿ, ತುಸು ಮಂದವಾಗಿ ಇಳಿಯುತ್ತೆ. ನುಂಗಿದ ಮೇಲೆ ಅರ್ಧ ನಿಮಿಷ ಸುಮ್ಮನಿರಿ. ನೆಲ್ಲಿಕಾಯಿ ತಿಂದು ನೀರು ಕುಡಿದಾಗ ಗಂಟಲಲ್ಲಿ ಸಿಹಿ ಬರುತ್ತಲ್ಲ, ಅಂಥದೇ ಒಂದು ಸಿಹಿ ವಾಪಸ್ ಬರುತ್ತೆ. ಚೀನೀ ಭಾಷೆಯಲ್ಲಿ ಇದಕ್ಕೆ ‘ಹುಯ್‌ಗಾನ್’ ಅಂತಾರೆ, ಮರಳಿ ಬರೋ ಸಿಹಿ ಅಂತ. ನನ್ನ ಮಟ್ಟಿಗೆ ಹೂವಿನ ವಾಸನೆಗಿಂತ ಇದೇ ನಿಜವಾದ ಪರೀಕ್ಷೆ.

ಇನ್ನು ಮೋಸದ ವಿಷಯ. ‘ಮಿಲ್ಕ್ ಊಲಾಂಗ್’ ಅಂತ ಮಾರೋದನ್ನ ನೋಡಿರ್ತೀರಿ. ಜಿನ್‌ಶ್ವಾನ್ ಅನ್ನೋ ತಳಿಗೆ ಸಹಜವಾಗೇ ಹಾಲಿನ ಕೆನೆಯಂಥ ಮೆಲು ಪರಿಮಳ ಇದೆ. ತೈವಾನ್‌ನ ಚಹಾ ಸಂಶೋಧಕರು 1981ರಲ್ಲಿ ಬಿಡುಗಡೆ ಮಾಡಿದ ತಳಿ ಅದು. ಆದರೆ ಪ್ಯಾಕೆಟ್ ಒಡೆದ ಕೂಡಲೇ ಹಾಲಿನ ಪೇಡದ ಹಾಗೆ ಮೂಗಿಗೆ ಹೊಡೆದರೆ, ಸೇರಿಸಿದ ಫ್ಲೇವರ್ ಇರೋ ಸಾಧ್ಯತೆ ಹೆಚ್ಚು. ಮೂರನೇ ಸಲಕ್ಕೆ ಆ ವಾಸನೆ ಮಾಯ ಆಯ್ತಾ ನೋಡಿ.

ಇನ್ನೊಂದು, ವಿಯೆಟ್ನಾಂನಲ್ಲಿ ಬೆಳೆದ ಊಲಾಂಗ್ ತೈವಾನ್ ಲೇಬಲ್ ಹಾಕಿಕೊಂಡು ಬರೋದು. ತೈವಾನ್‌ನ ತಳಿಗಳನ್ನ, ಅದೇ ಪದ್ಧತಿಯಲ್ಲಿ ಅಲ್ಲೂ ಮಾಡ್ತಾರೆ. ಆ ಚಹಾ ಕೆಟ್ಟದು ಅಂತ ಅಲ್ಲ, ಅದನ್ನ ಅದರ ಹೆಸರು, ಅದರ ಬೆಲೆಯಲ್ಲೇ ಮಾರಲಿ. ದಾಯುಲಿಂಗ್ ಅಂತ ಬರೆದಿದ್ದರಂತೂ ಎರಡು ಸಲ ಯೋಚಿಸಿ. ಸುಮಾರು 2500 ಮೀಟರ್ ಎತ್ತರದ ಆ ಜಾಗದಲ್ಲಿ ಸರ್ಕಾರಿ ಭೂಮಿಯ ಹೆಸರಾಂತ ತೋಟಗಳನ್ನ ತೆರವು ಮಾಡಿ ಕಾಡಿಗೆ ಬಿಟ್ಟಿದ್ದಾರೆ. ಕಡಿದಾದ ಇಳಿಜಾರಲ್ಲಿ ಕಾಡು ಕಡಿದು ಚಹಾ ನೆಟ್ಟರೆ ಮಣ್ಣು ಉಳಿಯಲ್ಲ. ಈ ತಕರಾರು ನಮ್ಮ ಮಲೆನಾಡು, ಕೊಡಗಿನವರಿಗೆ ಹೊಸದೇನಲ್ಲ. ತೋಟ ಹೋದರೂ ಆ ಹೆಸರಿನ ಬೇಡಿಕೆ ಹೋಗಿಲ್ಲ.

ಅನುಮಾನ ಇದ್ದರೆ ಸ್ಪರ್ಧೆಗಳಲ್ಲಿ ತೀರ್ಪುಗಾರರು ಮಾಡೋದನ್ನೇ ಮಾಡಿ. ಎರಡು ಚಹಾ ತಗೊಳ್ಳಿ, ಒಂದೊಂದಕ್ಕೂ 3 ಗ್ರಾಂ ಎಲೆ, 150 ಮಿಲಿಲೀಟರ್ ಕುದಿಯೋ ನೀರು, ಸುಮಾರು 6 ನಿಮಿಷ. ಇಷ್ಟು ಹೊತ್ತು ಬಿಟ್ಟರೆ ಎಲೆ ಏನನ್ನೂ ಮುಚ್ಚಿಡೋಕಾಗಲ್ಲ, ಕಹಿ ಇದ್ದರೆ ಹೊರಗೆ ಬಂದೇ ಬರುತ್ತೆ. ಯಾವ ಕಪ್ ಯಾವುದು ಅಂತ ಬೇರೆಯವರಿಗೆ ಮಾತ್ರ ಗೊತ್ತಿರಲಿ, ನಿಮಗೆ ಬೇಡ.

ಕುಡಿದಾದ ಮೇಲೆ ಎಲೆಯನ್ನ ಕೂಡಲೇ ಕಸಕ್ಕೆ ಹಾಕಬೇಡಿ. ಒಂದು ತಟ್ಟೆಯಲ್ಲಿ ಹರಡಿ. ಪುಡಿಯಾಗದ ಇಡೀ ಎಲೆ, ದಪ್ಪಗೆ, ಬೆರಳಲ್ಲಿ ಉಜ್ಜಿದರೂ ಹರಿಯದಂತಿದ್ದು, ಒಂದೇ ಕಡ್ಡಿಯಲ್ಲಿ ಎರಡು ಮೂರು ಎಲೆ, ಅಂಚಲ್ಲಿ ಅಲ್ಲಲ್ಲಿ ಕೆಂಪು ಕಂಡರೆ, ರಾತ್ರಿಯಿಡೀ ಕುಲುಕಿದವರ ಗುರುತು ಅದು.