ಮತ್ತೆ ಅಕ್ಷರಾಭ್ಯಾಸ

ಮೂವತ್ತು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದ ನಾನು ಕಳೆದ ವರ್ಷ ಮತ್ತೆ ವಿದ್ಯಾರ್ಥಿಯಾದೆ. ಕಲಿಯಲು ಆರಿಸಿಕೊಂಡದ್ದು ಕಂಪ್ಯೂಟರ್ ಪ್ರೋಗ್ರಾಮಿಂಗ್. ‘ಈ ವಯಸ್ಸಿನಲ್ಲಿ ಇದೇಕೆ?’ ಎಂದವರಿಗೆಲ್ಲ ‘ಮೆದುಳಿಗೊಂದು ವ್ಯಾಯಾಮ’ ಎಂದು ಉತ್ತರಿಸುತ್ತಿದ್ದೆ. ಅದು ಪೂರ್ತಿ ನಿಜವಲ್ಲ. ಬಹಳ ಹಿಂದೆ, ಹಳ್ಳಿಯ ಕನ್ನಡ ಶಾಲೆಯಿಂದ ಬಂದಿದ್ದ ಹುಡುಗನೊಬ್ಬ ಕಂಪ್ಯೂಟರ್ ಓದಬಹುದೇ ಎಂದು ನನ್ನನ್ನು ಕೇಳಿದ್ದ. ‘ಅದಕ್ಕೆ ಇಂಗ್ಲಿಷ್ ಬೇಕು, ಗಣಿತ ಬೇಕು. ನಿನಗೆ ಕಷ್ಟ’ ಎಂದಿದ್ದೆ. ಅವನು ತಲೆಯಾಡಿಸಿ ಹೊರಟುಹೋದ. ನಾನೇ ಪರೀಕ್ಷಿಸಿ ನೋಡದ ಮಾತನ್ನು ಇನ್ನೊಬ್ಬರ ಬದುಕಿಗೆ ಅನ್ವಯಿಸಿದ್ದೆನಲ್ಲ ಎಂಬ ಅಳುಕು ಮಾತ್ರ ನನ್ನಲ್ಲೇ ಉಳಿಯಿತು.

ಹೊಸಬರಿಗೆ ಸುಲಭವೆಂದು ಎಲ್ಲರೂ ಸೂಚಿಸಿದ ಭಾಷೆ ಪೈಥಾನ್. ನೆದರ್ಲೆಂಡ್ಸ್‌ನ ಗ್ವಿಡೊ ವಾನ್ ರೋಸಮ್ 1991ರಲ್ಲಿ ಹೊರತಂದ ಈ ಭಾಷೆಗೆ ಹಾವಿನ ಹೆಸರಲ್ಲ, ಬ್ರಿಟಿಷ್ ಹಾಸ್ಯ ಕಾರ್ಯಕ್ರಮವೊಂದರ ಹೆಸರಿಟ್ಟಿದ್ದಾರೆ. ಅದರಲ್ಲಿ ಕಾಯ್ದಿರಿಸಿದ ಪದಗಳು ಕೇವಲ 35. ಆದರೂ ಮೊದಲ ವಾರವಿಡೀ ಬೈಸಿಕೊಂಡದ್ದೇ ಆಯಿತು. ಉದ್ಧರಣ ಚಿಹ್ನೆ ಮುಚ್ಚದಿದ್ದರೆ ತಪ್ಪು, ಸಾಲಿನ ಆರಂಭದಲ್ಲಿ ಜಾಗ ಬಿಡುವುದನ್ನು ಮರೆತರೂ ತಪ್ಪು. ಅಲ್ಪವಿರಾಮ ತಪ್ಪಿದ್ದಕ್ಕೆ ಅಂಕ ಕಳೆಯುತ್ತಿದ್ದ ಮೇಷ್ಟರಿಗೆ ತಕ್ಕ ಶಾಸ್ತಿಯೆಂದು ಮನೆಯಾಕೆ ನಕ್ಕಳು.

ನಿಜವಾದ ಪಾಠ ಶುರುವಾದದ್ದು ಎರಡನೆಯ ತಿಂಗಳಲ್ಲಿ. ಹಿಂದುಮುಂದಾಗಿ ಓದಿದರೂ ಒಂದೇ ಆಗಿರುವ ಪದವನ್ನು ಗುರುತಿಸುವುದು ಕಲಿಯುವವರಿಗೆಲ್ಲ ಕೊಡುವ ಅಭ್ಯಾಸ. ಪದವನ್ನು ತಿರುಗಿಸಿ, ಮೂಲದೊಡನೆ ಹೋಲಿಸಿದರಾಯಿತು. ‘ಮೇಡಂ’ ಎಂದು ಇಂಗ್ಲಿಷಿನಲ್ಲಿ ಬರೆದು ನೋಡಿದೆ, ಸರಿ ಎಂದಿತು. ‘ಕನಕ’ಕ್ಕೂ ಸರಿ ಎಂದಿತು. ಹುಮ್ಮಸ್ಸಿನಿಂದ ‘ವಿಕಟಕವಿ’ ಎಂದು ಬರೆದೆ. ತಪ್ಪು ಎಂದಿತು!

ಕಾರಣ ಹುಡುಕುತ್ತಾ ಹೋದೆ. ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವುದು ಯುನಿಕೋಡ್ ಎಂಬ ಜಾಗತಿಕ ಪಟ್ಟಿಯ ಸಂಖ್ಯೆಗಳಿಂದ. ಅದರಲ್ಲಿ ಕನ್ನಡಕ್ಕೆ 128 ಸ್ಥಾನಗಳು ಮೀಸಲು. ಆದರೆ ‘ವಿ’ಗೆಂದು ಪ್ರತ್ಯೇಕ ಸ್ಥಾನವಿಲ್ಲ. ‘ವ’ಕಾರದ ಸಂಖ್ಯೆ 3253, ಗುಡಿಸಿನ ಸಂಖ್ಯೆ 3263, ಎರಡೂ ಅಕ್ಕಪಕ್ಕ ಕುಳಿತಾಗ ನಮ್ಮ ಕಣ್ಣಿಗೆ ‘ವಿ’. ಹಾಗಾಗಿ ನಮಗೆ ಐದಕ್ಷರದ ವಿಕಟಕವಿ ಯಂತ್ರಕ್ಕೆ ಏಳು ಚಿಹ್ನೆಗಳ ಸಾಲು. ಅದನ್ನು ತಿರುಗಿಸಿದರೆ ಗುಡಿಸೇ ಮೊದಲು ಬಂದು ಕೂರುತ್ತದೆ. ವಾಲ್ಮೀಕಿಯ ಕಥೆಯಲ್ಲಿ ‘ಮರಾ’ ತಿರುಗಿ ‘ರಾಮ’ವಾಯಿತು, ನನ್ನ ಪ್ರೋಗ್ರಾಂ ‘ರಾಮ’ನನ್ನು ತಿರುಗಿಸಿ ಕೊಟ್ಟದ್ದು ‘ಮಾರ’, ಅಂದರೆ ಮನ್ಮಥ!

ಹಾಗಾದರೆ ಅಕ್ಷರವೆಂದರೇನು? ತರಗತಿಯಲ್ಲಿ ಸಾವಿರ ಸಲ ಹೇಳಿದ್ದನ್ನೇ ಈಗ ಏನೂ ಗೊತ್ತಿಲ್ಲದ ಶಿಷ್ಯನಿಗೆ ಹೇಳಬೇಕಾಯಿತು. ಪರೀಕ್ಷೆಗೆ ‘ಅಕ್ಷರ’ ಎಂಬ ಪದವನ್ನೇ ಇಟ್ಟುಕೊಂಡೆ. ಯಂತ್ರ ಐದು ಎಂದು ಎಣಿಸಿತು. ಸ್ವರಚಿಹ್ನೆಯಾಗಲಿ ಹಲಂತ ಚಿಹ್ನೆಯಾಗಲಿ ಬಂದರೆ ಹಿಂದಿನದಕ್ಕೆ ಸೇರಿಸು ಎಂದೆ. ನಾಲ್ಕಾಯಿತು. ಹಲಂತದ ಮುಂದೆ ವ್ಯಂಜನ ಬಂದರೆ ಅದನ್ನೂ ಕೂಡಿಸು ಎಂದೆ. ಮೂರಾಯಿತು. ಮತ್ತೆ ‘ವಿಕಟಕವಿ’ ಕೊಟ್ಟೆ. ಸರಿ ಎಂದಿತು. ಗುಣಿತಾಕ್ಷರ, ಸಂಯುಕ್ತಾಕ್ಷರಗಳ ವ್ಯಾಕರಣ ಇಷ್ಟು ಸ್ಪಷ್ಟವಾಗಿ ನನಗೇ ಹಿಂದೆಂದೂ ಕಂಡಿರಲಿಲ್ಲ.

ಈಗ ಕೃತಕ ಬುದ್ಧಿಮತ್ತೆಯನ್ನು ಕನ್ನಡದಲ್ಲಿ ಕೇಳಿದರೂ ಪ್ರೋಗ್ರಾಂ ಬರೆದುಕೊಡುತ್ತದೆ, ಕಲಿಯುವ ಕಷ್ಟವೇಕೆ ಎನ್ನುವವರಿದ್ದಾರೆ. ಆದರೆ ನನ್ನ ಮೊದಲ ಪ್ರೋಗ್ರಾಂ ಯಾವ ದೋಷವನ್ನೂ ತೋರಿಸದೆ, ಬಹು ಆತ್ಮವಿಶ್ವಾಸದಿಂದ ತಪ್ಪುತ್ತರ ಕೊಟ್ಟಿತ್ತು. ಅದು ತಪ್ಪೆಂದು ತಿಳಿದದ್ದು ನನಗೆ ಕನ್ನಡ ಗೊತ್ತಿದ್ದುದರಿಂದ. ಏಕೆ ತಪ್ಪೆಂದು ತಿಳಿದದ್ದು ಒಂದಿಷ್ಟು ಪ್ರೋಗ್ರಾಮಿಂಗ್ ಕಲಿತಿದ್ದರಿಂದ. ಬರೆದವರು ಯಾರೇ ಆಗಲಿ, ಈ ಎರಡೂ ತಿಳಿವಳಿಕೆ ಕೂಡಿದವರೊಬ್ಬರು ಪರಿಶೀಲಿಸದಿದ್ದರೆ ನಮ್ಮ ಭಾಷೆಯ ಲೆಕ್ಕ ತಪ್ಪುತ್ತಲೇ ಇರುತ್ತದೆ.

ಆ ಹುಡುಗನಿಗೆ ನಾನು ಹೇಳಿದ್ದರಲ್ಲಿ ಗಣಿತದ ಮಾತು ಬಹುಪಾಲು ಸುಳ್ಳು. ಇಲ್ಲಿಯವರೆಗೆ ನನಗೆ ಬೇಕಾದದ್ದು ಎಣಿಕೆ ಮತ್ತು ತಾಳ್ಮೆ ಮಾತ್ರ. ಇಂಗ್ಲಿಷಿನ ಮಾತು ಅರ್ಧ ನಿಜ. ಆ 35 ಪದಗಳು ಯಾರಿಗೂ ಅಡ್ಡಿಯಲ್ಲ, ಚರಾಂಶಗಳಿಗೆ ಕನ್ನಡದಲ್ಲೇ ಹೆಸರಿಡಲು ಪೈಥಾನ್ ಒಪ್ಪುತ್ತದೆ. ಅಡ್ಡಿಯಾಗುವುದು ತಪ್ಪಾದಾಗ ಬರುವ ಇಂಗ್ಲಿಷ್ ಸಂದೇಶ ಮತ್ತು ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳುವವರ ಕೊರತೆ. ಅದು ಕಲಿಯುವವನ ದೋಷವಲ್ಲ, ಕಲಿಸುವವರ ದೋಷ. ನಾನಂತೂ ಆ ಸಂದೇಶಗಳ ಅರ್ಥವನ್ನು ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದಿಡತೊಡಗಿದ್ದೇನೆ. ಆ ಹುಡುಗ ಈಗ ಎಲ್ಲಿದ್ದಾನೋ ತಿಳಿಯದು. ಮುಂದೆ ಇನ್ನೊಬ್ಬ ಬಂದು ಅದೇ ಪ್ರಶ್ನೆ ಕೇಳಿದರೆ, ಸಲಹೆಯ ಬದಲು ಆ ನೋಟ್‌ಬುಕ್ಕನ್ನೇ ಕೈಗಿಡುತ್ತೇನೆ.