ಎರಡು ಮಳಿಗೆ, ಒಂದೇ ಲೆಕ್ಕ

1986ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ‘ಟ್ಯಾಲಿ’ ತಂತ್ರಾಂಶವು ಇಂದು ನಮ್ಮ ಹಳೇ ಹುಬ್ಬಳ್ಳಿಯ ವರ್ತಕರಿಗೆ ಕಿರ್ದಿ-ಖಾತೆಯಷ್ಟೇ ಪರಿಚಿತ. ಆ ಲೆಕ್ಕವಿರುವುದು ಅಂಗಡಿಯ ಗಣಕಯಂತ್ರದಲ್ಲಿ. ಅಂತರ್ಜಾಲದ ಮಳಿಗೆಯಾದರೋ ಹಗಲಿರುಳೂ ತೆರೆದಿರುತ್ತದೆ. ಇವೆರಡರ ಲೆಕ್ಕ ಕೂಡದಿದ್ದರೆ, ಉಳಿದಿದ್ದ ಒಂದೇ ಇಳಕಲ್ ಸೀರೆ ಇಲ್ಲಿಯೂ ಅಲ್ಲಿಯೂ ಮಾರಾಟವಾಗಿ, ಗಿರಾಕಿಗೆ ಕೊಟ್ಟ ಮಾತು ತಪ್ಪೀತು.

ಹಳೆಯ ತಂತ್ರಾಂಶವನ್ನು ಕೈಬಿಡಬೇಕಿಲ್ಲ. ನಡುವೆ ಕ್ಲೌಡ್ ಸೇವೆಯೊಂದನ್ನು ಜೋಡಿಸಬಹುದು. ರಾತ್ರಿ ಬಂದ ಬೇಡಿಕೆಯನ್ನು ಅದು ಕಾದಿರಿಸಿ, ಬೆಳಗ್ಗೆ ಗಣಕಯಂತ್ರ ತೆರೆದೊಡನೆ ಟ್ಯಾಲಿಗೆ ಒಪ್ಪಿಸುತ್ತದೆ. ಅಂಗಡಿಯಲ್ಲಿ ಮಾರಾಟವಾದ ಮೇಲೆ ಉಳಿದ ದಾಸ್ತಾನನ್ನು ಅಂತರ್ಜಾಲದ ಮಳಿಗೆಗೆ ತಿಳಿಸುತ್ತದೆ. ಆದರೆ ಸರಕಿನ ಹೆಸರು ಎರಡೂ ಕಡೆ ಅಕ್ಷರಶಃ ಒಂದೇ ಇರಬೇಕು. ಒಂದೇ ಬೇಡಿಕೆ ಎರಡು ಸಲ ದಾಖಲಾಗದಂತೆ ಅದರ ಸಂಖ್ಯೆಯನ್ನು ತಾಳೆ ನೋಡಬೇಕು.

ಕಲ್ಯಾಣದಲ್ಲಿ ಭಂಡಾರದ ಹೊಣೆ ಹೊತ್ತಿದ್ದ ಬಸವಣ್ಣನವರ ಅನುಯಾಯಿಗಳು ನಾವು. ಯಂತ್ರವು ಲೆಕ್ಕವನ್ನು ಸಾಗಿಸೀತು. ಅದರ ಶುದ್ಧಿಯನ್ನು ಕಾಯುವ ಕಾಯಕ ನಮ್ಮದೇ.