ಡೋಣಿ ಸಾಲಿಗೊಂದು ದಿನ, ಕಿಸೆಯಲ್ಲೊಂದು ನಿಂಬೆಹಣ್ಣು

ವಿಜಯಪುರಕ್ಕೆ ಬಂದ ನೆಂಟರನ್ನು ಎಲ್ಲೆಲ್ಲಿ ಕರೆದೊಯ್ಯಬೇಕು ಎಂಬುದು ನಮ್ಮೂರಿನ ಆಟೋದವರಿಗೂ ಬಾಯಿಪಾಠ. ಗೋಳಗುಮ್ಮಟ, ಇಬ್ರಾಹಿಂ ರೋಜಾ, ಬಾರಾ ಕಮಾನ್, ಮಲಿಕ್-ಎ-ಮೈದಾನ್ ತೋಪು. ಮರುದಿನವೂ ಅವರು ಉಳಿದುಕೊಂಡು ನಿಸರ್ಗ ಅಂತೇನಾದರೂ ಕೇಳಿದರೆ, "ಅದಕ್ಕ ಬದಾಮಿಗೆ ಹೋಗ್ರಿ, ಇಲ್ಲೇನೈತಿ, ಬರೇ ಬಯಲು" ಎಂದು ಬಸ್ಸು ಹತ್ತಿಸಿಬಿಡುತ್ತೇವೆ. ನಾನೂ ಬಹಳ ವರ್ಷ ಹೀಗೇ ಮಾಡಿದವನು.

ಬಯಲು ಹೌದು. ಆದರೆ ಈ ಬಯಲು ಬಯಲಾಗಿದ್ದಕ್ಕೆ ಒಂದು ಕಾರಣವಿದೆ, ಆ ಕಾರಣ ಸಣ್ಣದಲ್ಲ. ಬೆಟ್ಟ, ಜಲಪಾತ ನೋಡಿ ರೂಢಿಯಾದ ಕಣ್ಣು ಮೇಲಕ್ಕೆ ನೋಡುತ್ತದೆ. ತಿಕೋಟಾ, ಬಬಲೇಶ್ವರ ಸೀಮೆಯಲ್ಲಿ ನೋಡಬೇಕಾದ್ದೆಲ್ಲ ಕಾಲ ಕೆಳಗಿದೆ. ನೆಲವನ್ನು ಎಲ್ಲೆಲ್ಲಿ ಯಾರಾದರೂ ಕೊರೆದಿದ್ದಾರೋ, ಕಡಿದಿದ್ದಾರೋ ಅಲ್ಲಲ್ಲಿ ನಿಂತು ಬಗ್ಗಿ ನೋಡುವುದೇ ಇಲ್ಲಿಯ ಪ್ರವಾಸ. ಬೆಳಗ್ಗೆ ಅಥಣಿ ರಸ್ತೆ ಹಿಡಿದು ತೊರವಿ, ತಿಕೋಟಾ. ಅಲ್ಲಿಂದ ದಕ್ಷಿಣಕ್ಕೆ ಡೋಣಿ ನದಿ ದಾಟಿ ಬಬಲೇಶ್ವರ. ಮುಂದೆ ಮಮದಾಪುರದ ಕೆರೆ. ಸಂಜೆಗೆ ಸಾರವಾಡದ ಮೇಲೆ ಹಾಯ್ದು ಮನೆಗೆ. ಎಲ್ಲ ಸೇರಿ ನೂರು ಕಿ.ಮೀ. ಆಸುಪಾಸು. ಬುತ್ತಿ, ಚಾಕುವಿನ ಜೊತೆ ನಾಲ್ಕು ಸಾಮಾನು ಬೇಕು: ಒಂದು ನಿಂಬೆಹಣ್ಣು, ಹಳೆಯ ಸ್ಪೀಕರಿನಿಂದ ಬಿಚ್ಚಿದ ಅಯಸ್ಕಾಂತ, ಎರಡು ಸ್ಟೀಲ್ ತಟ್ಟೆ, ಒಂದು ಗಾಜಿನ ಲೋಟ.

ತೊರವಿ ಊರಿನ ಮಗ್ಗುಲಲ್ಲೇ ಇದೆ. ಕುಮಾರ ವಾಲ್ಮೀಕಿಯ ರಾಮಾಯಣಕ್ಕೆ 'ತೊರವೆ' ಎಂಬ ಹೆಸರು ಬಂದದ್ದು ಈ ಊರಿನಿಂದ. ಆದಿಲಶಾಹಿ ಅರಸರು ನಗರಕ್ಕೆ ನೀರು ತಂದದ್ದೂ ಇಲ್ಲಿಂದಲೇ. ಇಲ್ಲಿಯ ಸುರಂಗ ಬಾವಡಿ ನೆಲದಡಿಯ ಕಾಲುವೆಯ ಒಂದು ಭಾಗ. ಎತ್ತರದ ಕಡೆ ನೆಲದೊಳಗಿನ ನೀರನ್ನು ಹಿಡಿದು, ಅತಿ ಸಣ್ಣ ಇಳಿಜಾರಿನಲ್ಲಿ ಸುರಂಗದೊಳಗೇ ಹರಿಸಿ ತಗ್ಗಿನಲ್ಲಿರುವ ಊರಿಗೆ ಮುಟ್ಟಿಸುವ ವ್ಯವಸ್ಥೆ. ಎತ್ತು ಬೇಡ, ಯಾತ ಬೇಡ. ನೀರು ಬಿಸಿಲನ್ನೇ ಕಾಣುವುದಿಲ್ಲವಾದ್ದರಿಂದ ಆವಿಯಾಗಿ ಹೋಗುವುದೂ ಕಡಿಮೆ. ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ ಬೀಳುವ, ಅದಕ್ಕಿಂತ ಎಷ್ಟೋ ಹೆಚ್ಚು ನೀರನ್ನು ಬಿಸಿಲು ಎಳೆದುಕೊಳ್ಳಬಲ್ಲ ನಾಡಿನಲ್ಲಿ ಇದು ಸಣ್ಣ ಉಳಿತಾಯವಲ್ಲ. 2020ರ ಸಾಲಿನ ವಿಶ್ವ ಸ್ಮಾರಕ ನಿಗಾ ಪಟ್ಟಿಯಲ್ಲಿ ಸುರಂಗ ಬಾವಡಿಗೂ ಜಾಗ ಸಿಕ್ಕಿತ್ತು. ಮೇಲೆ ನಿಂತು ನೋಡಿ, ಒಳಗೆ ಇಳಿಯುವ ಸಾಹಸ ಬೇಡ.

ತೊರವಿ ದಾಟಿದ ಮೇಲೆ ಗಾಡಿ ನಿಧಾನ ಮಾಡಿ. ರಸ್ತೆಗಾಗಿ ದಿಣ್ಣೆ ಕಡಿದ ಕಡೆ, ಬಿಟ್ಟುಹೋದ ಕಲ್ಲಿನ ಖಣಿ, ಹೊಲದ ಹಳೆಯ ಕಲ್ಲುಬಾವಿ, ಯಾವುದಾದರೂ ಸರಿ, ಎರಡು ಆಳು ನೆಲ ಬಯಲಾಗಿದ್ದರೆ ಸಾಕು. ಮೇಲೆ ಕರಿಮಣ್ಣು. ಅದರಡಿ ಕೈಯಲ್ಲಿ ಹಿಸುಕಿದರೆ ಪುಡಿಯಾಗುವ ಗರಸು. ಗರಸಿನೊಳಗೆ ಗುಂಡುಗುಂಡಾದ ಕಲ್ಲುಗಳು, ಉಳ್ಳಾಗಡ್ಡಿಯ ಸಿಪ್ಪೆಯ ಹಾಗೆ ಪದರ ಪದರ ಬಿಚ್ಚಿಕೊಂಡಿರುತ್ತವೆ. ಅದಕ್ಕೂ ಕೆಳಗೆ ಸುತ್ತಿಗೆಗೆ ಜಗ್ಗದ ಕರಿಕಲ್ಲು. ಗೋಳಗುಮ್ಮಟಕ್ಕೂ ನಮ್ಮ ಮನೆಗಳ ಬೀಸುವ ಕಲ್ಲಿಗೂ ಇದೇ ಕಲ್ಲು. ಭೂವಿಜ್ಞಾನದಲ್ಲಿ ಬಸಾಲ್ಟ್.

ಇದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಉಕ್ಕಿದ ಲಾವಾ. ಶಂಕುವಿನಾಕಾರದ ಜ್ವಾಲಾಮುಖಿಯ ಚಿತ್ರವನ್ನು ಮನಸ್ಸಿನಿಂದ ತೆಗೆದುಹಾಕಿ. ಇದು ಉದ್ದುದ್ದ ಬಿರುಕುಗಳಿಂದ ಹೊರಬಂದು, ಕಾವಲಿಯ ಮೇಲೆ ಹೊಯ್ದ ದೋಸೆಹಿಟ್ಟಿನಂತೆ ಹರಡಿದ್ದು. ಒಂದು ಪದರ ಆರಿ ಗಟ್ಟಿಯಾದ ಮೇಲೆ ಇನ್ನೊಂದು. ಪಶ್ಚಿಮ ಘಟ್ಟದ ಕಡೆ ಈ ಅಡಕಿಲು ಎರಡು ಕಿ.ಮೀ.ಗೂ ದಪ್ಪ, ನಮ್ಮದು ದಕ್ಷಿಣದ ಅಂಚು, ಇಲ್ಲಿ ತೆಳುವು. ಕೃಷ್ಣೆ ದಾಟಿ ಬದಾಮಿ ಕಡೆ ಹೋದರೆ ಈ ಕಲ್ಲು ಮುಗಿದು, ಇದಕ್ಕಿಂತ ಎಷ್ಟೋ ಹಳೆಯ ಮರಳುಗಲ್ಲು ಮೇಲೇಳುತ್ತದೆ. ಲಾವಾ ಚಪ್ಪಟೆಯಾಗಿ ಹರಡಿದ್ದರಿಂದಲೇ ನಮ್ಮದು ಬಯಲು ನಾಡು. ಹಾಗೆ ನೋಡಿದರೆ ಬದಾಮಿಯ ಬಂಡೆಗಿಂತ ಈ ಬಯಲೇ ದೊಡ್ಡ ಘಟನೆ. ಡೈನೊಸಾರ್‌ಗಳ ಅಳಿವಿಗೆ ಆಕಾಶದಿಂದ ಬಿದ್ದ ಕಲ್ಲು ಮುಖ್ಯ ಕಾರಣವೆಂದು ಹೆಚ್ಚಿನವರು ಒಪ್ಪಿದರೂ, ಈ ಲಾವಾ ಉಗುಳಿದ ಅನಿಲಗಳ ಪಾಲೆಷ್ಟು ಎಂಬ ಜಗಳ ವಿಜ್ಞಾನಿಗಳಲ್ಲಿ ಇನ್ನೂ ಮುಗಿದಿಲ್ಲ.

ಈಗ ಕಿಸೆಯ ನಿಂಬೆಹಣ್ಣು ತೆಗೆಯಿರಿ. ಲಾವಾ ಪದರದ ಮೇಲ್ಭಾಗದಲ್ಲಿ ಅನಿಲದ ಗುಳ್ಳೆಗಳು ಹೊರಗೆ ಹೋಗಲಾರದೆ ಸಿಕ್ಕಿಬಿದ್ದು ತೂತುಗಳಾಗಿ ಉಳಿದಿರುತ್ತವೆ. ಲಕ್ಷಾಂತರ ವರ್ಷ ಅವುಗಳಲ್ಲಿ ನೀರು ಇಂಗಿ, ಕರಗಿದ್ದ ಖನಿಜ ಒಳಗೆ ಹರಳುಗಟ್ಟಿದೆ. ಹಾಗಾಗಿ ಕರಿಕಲ್ಲಿನ ಮೈತುಂಬ ಅಕ್ಕಿ ಚೆಲ್ಲಿದಂತೆ ಬಿಳಿ ಚುಕ್ಕೆಗಳು. ಚಾಕುವಿನ ಮೊನೆಯಿಂದ ಒಂದನ್ನು ಕೆರೆದು ಪುಡಿ ಮಾಡಿ, ಮೇಲೆ ನಾಲ್ಕು ಹನಿ ನಿಂಬೆರಸ ಹಿಂಡಿ. ಸಣ್ಣಗೆ ನೊರೆಯೆದ್ದರೆ ಅದು ಕ್ಯಾಲ್ಸೈಟ್, ಅಂದರೆ ಸುಣ್ಣದ ಜಾತಿ. ಹುಳಿ ತಾಗಿ ಇಂಗಾಲದ ಡೈಆಕ್ಸೈಡ್ ಹೊರಡುತ್ತಿದೆ. ನೊರೆ ಏಳದೆ, ಹರಳು ಲೋಟದ ಗಾಜನ್ನು ಗೀರಿದರೆ ಸ್ಫಟಿಕಶಿಲೆ. ಎರಡೂ ಅಲ್ಲದಿದ್ದರೆ ಬಹುಶಃ ಜಿಯೊಲೈಟ್. ಆ ಹೆಸರಿಗೆ ಗ್ರೀಕಿನಲ್ಲಿ 'ಕುದಿಯುವ ಕಲ್ಲು' ಎಂದರ್ಥ. ಕಾಯಿಸಿದರೆ ಒಳಗಿನ ನೀರು ಹಬೆಯಾಗಿ ಬರುತ್ತದೆಂದು 1756ರಲ್ಲಿ ಸ್ವೀಡನ್ನಿನ ಕ್ರೋನ್‌ಸ್ಟೆಡ್ ಹಾಗೆ ಕರೆದ. ಬೋರ್‌ವೆಲ್ಲಿನ ಭವಿಷ್ಯ ನಿಂತಿರುವುದೂ ಈ ಪದರಗಳ ಮೇಲೆಯೇ. ನೀರು ಸಿಕ್ಕುವುದು ಗುಳ್ಳೆಯ ಪದರ, ಬಿರುಕು ಅಥವಾ ಎರಡು ಲಾವಾಗಳ ನಡುವಿನ ಸಂದಿನಲ್ಲಿ. ನಡುವಿನ ಗಟ್ಟಿಕಲ್ಲಿನಲ್ಲಿ ಎಷ್ಟು ಕೊರೆದರೂ ಬರುವುದು ಬೂದಿಯಂಥ ಪುಡಿಯೇ. ಪಕ್ಕದ ಹೊಲದಲ್ಲಿ ಎರಡಿಂಚು ನೀರು, ನಮ್ಮಲ್ಲಿ ಬರೀ ಧೂಳು ಎಂಬ ಸಂಕಟಕ್ಕೆ ದೈವವಷ್ಟೇ ಕಾರಣವಲ್ಲ.

ಅಯಸ್ಕಾಂತದ ಆಟ ಮಕ್ಕಳಿಗೆ ಬಿಡಿ. ಅದನ್ನೊಂದು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಹಳ್ಳದ ಒಣ ಮರಳಿನಲ್ಲಿ ಎಳೆದರೆ ಕರಿ ಕಣಗಳು ಮುಳ್ಳುಹಂದಿಯ ಹಾಗೆ ನಿಮಿರಿ ಅಂಟಿಕೊಳ್ಳುತ್ತವೆ. ಕಲ್ಲು ಸವೆದು ಬಿಡುಗಡೆಯಾದ ಮ್ಯಾಗ್ನೆಟೈಟ್ ಅದು. ಲಾವಾ ಆರುತ್ತ ಸುಮಾರು 580 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದಾಗ, ಆ ಹೊತ್ತಿನ ಭೂಮಿಯ ಕಾಂತ ದಿಕ್ಕನ್ನು ಈ ಕಣಗಳು ನೆನಪಿಟ್ಟುಕೊಳ್ಳುತ್ತವೆ. 1950ರ ದಶಕದಲ್ಲಿ ದಖ್ಖನ್ನಿನ ಕಲ್ಲುಗಳಲ್ಲಿ ಈ ನೆನಪನ್ನು ಅಳೆದು ನೋಡಿದಾಗ, ಅವು ಗಟ್ಟಿಯಾದದ್ದು ಸಮಭಾಜಕದ ದಕ್ಷಿಣಕ್ಕೆ ಎಂದು ತಿಳಿಯಿತು. ಖಂಡಗಳು ಚಲಿಸುತ್ತವೆ ಎಂಬ ಮಾತನ್ನು ಬಹಳ ಮಂದಿ ನಂಬದಿದ್ದ ಕಾಲವದು. ತಿಕೋಟಾದ ನೆಲ ಹುಟ್ಟಿದ್ದು ತಿಕೋಟಾದಲ್ಲಿ ಅಲ್ಲ.

ತಿಕೋಟಾ ಬಂತೆಂದರೆ ಎರಡೂ ಬದಿ ದ್ರಾಕ್ಷಿಯ ಚಪ್ಪರ, ಹಸಿರು ಬಲೆಯ ಒಣದ್ರಾಕ್ಷಿ ಶೆಡ್ಡು. ಕೆರೆಯಂಗಳದಂಥ ಹಸಿ ಮಣ್ಣು ದ್ರಾಕ್ಷಿಯ ಬೇರಿಗೆ ಆಗಿಬರುವುದಿಲ್ಲ. ನೀರು ಬಸಿದುಹೋಗುವ ಮಡ್ಡಿ ನೆಲ, ಒಣ ಗಾಳಿ ಇಲ್ಲಿವೆ. ಉಪ್ಪಿನ ಕಾಟಕ್ಕೆ ಉಪಾಯವೆಂದು ಟೆಕ್ಸಾಸಿನ ಕಾಡುದ್ರಾಕ್ಷಿಯಿಂದ ಬಂದ 'ಡಾಗ್‌ರಿಜ್' ಬೇರಿನ ಮೇಲೆ ನಮಗೆ ಬೇಕಾದ ತಳಿಯನ್ನು ಕಸಿ ಕಟ್ಟುತ್ತಾರೆ. ಅಕ್ಟೋಬರ್ ಚಾಟ್ನಿಯಾದ (ಬಳ್ಳಿ ಸವರಿದ) ಮೇಲೆ ಬಂದ ಗೊನೆ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಶೆಡ್ಡಿಗೆ ಹೋಗುತ್ತದೆ. ದ್ರಾಕ್ಷಿಯ ಸಿಪ್ಪೆಯ ಮೇಲೆ ಬೂದಿಯಂಥ ಮೇಣದ ಲೇಪವಿದೆಯಲ್ಲ, ಒಳಗಿನ ನೀರು ಹೊರಬಾರದಂತೆ ತಡೆಯುವುದು ಅದೇ. ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಕಲೆಸಿದ ನೀರಿನಲ್ಲಿ ಅದ್ದಿ ತೆಗೆದರೆ ಮೇಣದಲ್ಲಿ ಸಣ್ಣ ದಾರಿಗಳಾಗಿ, ನೆರಳಲ್ಲೇ ಹದಿನೈದು ದಿನದೊಳಗೆ ಒಣಗುತ್ತದೆ. ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಒಣದ್ರಾಕ್ಷಿ. ಉಳಿದ ಮೂರು ಕಿಲೋ ಬಹುಪಾಲು ನೀರು, ಗಾಳಿಗೆ ಹೋಯಿತು. ಟ್ಯಾಂಕರಿನಲ್ಲಿ ನೀರು ತಂದು ಬಳ್ಳಿ ಉಳಿಸಿಕೊಂಡ ವರ್ಷಗಳನ್ನು ಕಂಡವರ ಮುಂದೆ ನಾನು ಈ ಲೆಕ್ಕ ಹೇಳಲು ಹೋಗುವುದಿಲ್ಲ.

ತಿಕೋಟಾದಿಂದ ಬಬಲೇಶ್ವರದ ಕಡೆ ತಿರುಗಿದರೆ ನೆಲ ನಿಧಾನವಾಗಿ ಇಳಿಯುತ್ತದೆ, ಮಣ್ಣಿನ ಬಣ್ಣ ಗಾಢವಾಗುತ್ತದೆ. ಇದೇ ಡೋಣಿ ಸಾಲು. ಮಹಾರಾಷ್ಟ್ರದ ಜತ್ತ ಸೀಮೆಯಲ್ಲಿ ಹುಟ್ಟಿ ನಮ್ಮ ಜಿಲ್ಲೆಯನ್ನು ಅಡ್ಡ ಸೀಳಿ ಕೃಷ್ಣೆಯನ್ನು ಸೇರುವ ಈ ನದಿ ನೋಡಲು ಏನೂ ಚೆಂದವಿಲ್ಲ. ಜಾಲಿಗಂಟಿ ಬೆಳೆದು ಹೂಳು ತುಂಬಿದ ದೊಡ್ಡ ಹಳ್ಳದಂತಿದೆ, ನೀರು ಸವಳು. ಆದರೂ ಡೋಣಿ ಬೆಳೆದರೆ ಓಣಿಯೆಲ್ಲ ಕಾಳು ಎಂಬ ಗಾದೆ ಹುಟ್ಟಿದ್ದು ಈ ನದಿಯ ಮೇಲೆ. ಕುಡಿಯಲಾಗದ ನೀರಿನ ನದಿಗೆ ಇಷ್ಟು ಮರ್ಯಾದೆ ಹೇಗೆ ಬಂತು?

ಉತ್ತರ ಎರಿ ಮಣ್ಣಿನಲ್ಲಿದೆ. ಬಸಾಲ್ಟ್ ಕೊಳೆತು ಆಗುವ ಜೇಡಿಯ ಮುಖ್ಯ ಖನಿಜ ಸ್ಮೆಕ್ಟೈಟ್. ಅದರ ಹಾಳೆಗಳು ಒಂದೊಂದೂ ಸುಮಾರು ಒಂದು ನ್ಯಾನೊಮೀಟರ್ ದಪ್ಪ, ಬುಟ್ಟಿಯಲ್ಲಿ ಒಟ್ಟಿದ ಕಟಿ ರೊಟ್ಟಿಗಳಂತೆ ಒಂದರ ಮೇಲೊಂದು. ನೀರು ಬಂದರೆ ನಡುವೆ ನುಸುಳಿ ಹಾಳೆಗಳನ್ನು ದೂರ ಸರಿಸುತ್ತದೆ. ಈ ಖನಿಜದ ಒಂದೇ ಗ್ರಾಂನ ಎಲ್ಲ ಹಾಳೆಗಳನ್ನು ಬಿಡಿಸಿ ಹಾಸಿದರೆ 700 ಚದರ ಮೀಟರ್‌ಗೂ ಹೆಚ್ಚು ಜಾಗ ಬೇಕು. ಒಂದು ಒಣ ಹೆಂಟೆಯನ್ನು ಲೋಟದ ನೀರಿಗೆ ಹಾಕಿ ಬಾಗಿ ನೋಡಿ. ಮೊದಲು ಗುಳ್ಳೆಗಳ ಸಾಲು, ಆಮೇಲೆ ಅಂಚು ಸಡಿಲಾಗಿ ಪದರ ಕಳಚುತ್ತದೆ, ಸ್ವಲ್ಪ ಹೊತ್ತಿಗೆ ಹೆಂಟೆ ಕುಸಿದು ಉಬ್ಬಿದ ಅಂಬಲಿ. ಬೇಸಿಗೆಯಲ್ಲಿ ಇದರ ಉಲ್ಟಾ. ಹೊಲ ಮೊಣಕೈ ಇಳಿಯುವಷ್ಟು ಬಿರಿದು, ಮೇಲಿನ ಪುಡಿಮಣ್ಣು ಬಿರುಕಿಗೆ ಬೀಳುತ್ತದೆ. ಮಳೆ ಬಂದು ಕೆಳಗೆ ಉಬ್ಬಿದಾಗ ತಳದ ಮಣ್ಣು ಮೇಲೆ ಒತ್ತುತ್ತದೆ. ನೇಗಿಲಿಲ್ಲದೆ ನೆಲ ತಾನೇ ತಿರುವಿಕೊಳ್ಳುವುದರಿಂದ ವಿಜ್ಞಾನಿಗಳು ಇದಕ್ಕೆ 'ತಿರುವು' ಎಂಬ ಅರ್ಥದ ಲ್ಯಾಟಿನ್ ಪದದಿಂದ ವರ್ಟಿಸಾಲ್ ಎಂದು ಹೆಸರಿಟ್ಟರು. ಇಲ್ಲಿ ಮನೆ ಕಟ್ಟುವ ಗೌಂಡಿ ಗರಸು ಹತ್ತುವವರೆಗೆ ಪಾಯ ತೆಗೆಯದೆ ಬಿಡುವುದಿಲ್ಲ, ಅವನಿಗೆ ಲ್ಯಾಟಿನ್ ಬೇಕಾಗಿಲ್ಲ.

ಮುಂಗಾರಿಯಲ್ಲಿ ಹೊಲ ಖಾಲಿ ಬಿಟ್ಟು ನೀರು ಕುಡಿಸುತ್ತಾರೆ. ಮಳೆಗಾಲ ಮುಗಿಯುತ್ತ ಬಂದಾಗ ಬಿಳಿಜೋಳ ಬಿತ್ತುತ್ತಾರೆ. ಆಮೇಲೆ ಹನಿ ಬೀಳದಿದ್ದರೂ ಮಣ್ಣಿನೊಳಗಿನ ಹಸಿಯ ಮೇಲೆಯೇ ತೆನೆ ಬರುತ್ತದೆ. ಡೋಣಿ ದಂಡೆಯ ಹೊಲದಲ್ಲಿ ಒಬ್ಬ ಯಜಮಾನರು ನನಗೆ ಹೇಳಿದ ಮಾತು ಯಾವ ಪಠ್ಯಪುಸ್ತಕದಲ್ಲೂ ಸಿಕ್ಕಿಲ್ಲ: "ಇದು ಹೊಲಾ ಅಲ್ರಿ ಸರ್, ಹಗೇವು. ಕಾಳಿನ ಹಗೇವಲ್ಲ, ನೀರಿನ ಹಗೇವು." ಆದರೆ ಈ ಹಗೇವಿನ, ಅಂದರೆ ನೆಲದಡಿಯ ಕಣಜದ, ಬೀಗ ಬಿಗಿ. ಹಾಳೆಗಳ ನಡುವಿನ ನೀರಿನಲ್ಲಿ ಒಂದು ಪಾಲನ್ನು ಮಣ್ಣು ಯಾವ ಬೇರಿಗೂ ಬಿಟ್ಟುಕೊಡುವುದಿಲ್ಲ. ಕೈಗೆ ಹಸಿ ಹತ್ತಿದರೂ ಬೆಳೆ ಬಾಡುವುದುಂಟು. 1930ರ ದಶಕದಲ್ಲಿ ದೇಶದ ಐದು ಕಡೆ ಒಣಬೇಸಾಯದ ಸಂಶೋಧನೆ ಶುರುವಾದಾಗ ಸೊಲ್ಲಾಪುರ, ರಾಯಚೂರು, ಹಗರಿ, ರೋಹತಕ್ ಜೊತೆ ವಿಜಯಪುರವನ್ನೂ ಆರಿಸಿದರು.

ಸವಳಿನ ಮೂಲವೂ ಇದೇ ಮಣ್ಣು. ಕಲ್ಲು ಕೊಳೆಯುವಾಗ ಬಿಟ್ಟ ಉಪ್ಪುಗಳನ್ನು ತೊಳೆದೊಯ್ಯುವಷ್ಟು ಮಳೆ ಇಲ್ಲ, ಜೇಡಿಯಲ್ಲಿ ನೀರು ಬಸಿಯುವುದೂ ಇಲ್ಲ. ಬಿಸಿಲು ನೀರನ್ನಷ್ಟೇ ಎತ್ತಿಕೊಂಡು ಉಪ್ಪನ್ನು ಬಿಟ್ಟು ಹೋಗುತ್ತದೆ. ಇದನ್ನು ಕಣ್ಣಾರೆ ನೋಡಲು ಒಂದು ತಟ್ಟೆಯಲ್ಲಿ ಡೋಣಿಯ ನೀರು ತೆಳ್ಳಗೆ ಹಾಕಿಡಿ.

ಬಬಲೇಶ್ವರದಿಂದ ಮುಂದೆ ಮಮದಾಪುರ. ಮಹಮ್ಮದ್ ಆದಿಲಶಾಹಿ 1633ರಲ್ಲಿ ಕಟ್ಟಿಸಿದ ದೊಡ್ಡ ಕೆರೆಗೆ ಈಗ ಏತ ನೀರಾವರಿಯಿಂದ ಕೃಷ್ಣೆಯ ನೀರು ಬರುತ್ತದೆ. ಏರಿಯ ಮೇಲೆ ಕೂತು ಸಜ್ಜಿರೊಟ್ಟಿ, ಶೇಂಗಾಹಿಂಡಿ ಬಿಚ್ಚಲು ಇದಕ್ಕಿಂತ ಒಳ್ಳೆಯ ಜಾಗ ಈ ದಾರಿಯಲ್ಲಿಲ್ಲ. ಎರಡನೆಯ ತಟ್ಟೆಯಲ್ಲಿ ಇಲ್ಲಿಯ ನೀರು ಅಷ್ಟೇ ಹಾಕಿ. ಎರಡನ್ನೂ ಮನೆಗೆ ಒಯ್ದು ಮಾಳಿಗೆಯ ಬಿಸಿಲಿಗಿಟ್ಟು, ಯಾವುದರಲ್ಲಿ ಬಿಳಿ ಉಂಗುರ ದಪ್ಪ ಎಂದು ಮಕ್ಕಳನ್ನೇ ಕೇಳಿ.

ಯಾವಾಗ ಹೋಗಬೇಕು? ಒಣದ್ರಾಕ್ಷಿ ಶೆಡ್ಡು ತುಂಬಿದ್ದು ನೋಡಬೇಕೆಂದರೆ ಮಾರ್ಚ್, ಆದರೆ ಬಿಸಿಲು ತಡೆಯಬೇಕು. ನನ್ನ ಓಟು ಎಳ್ಳಮವಾಸ್ಯೆಯ ಆಸುಪಾಸಿಗೆ. ಜೋಳ ಎದೆಮಟ್ಟ ನಿಂತಿರುತ್ತದೆ, ಚರಗ ಚೆಲ್ಲಲು ಊರಿಗೆ ಊರೇ ಹೊಲದಲ್ಲಿರುತ್ತದೆ. ಯಾರದೇ ಹೊಲದ ಬದುವಿನಲ್ಲಿ ನಿಂತರೂ ಉಂಡು ಹೋಗಿ ಎಂದು ಕೂಡಿಸುತ್ತಾರೆ, ನಿಮ್ಮ ಬುತ್ತಿ ಹಾಗೇ ಉಳಿಯುತ್ತದೆ. ಹಾಳು ಖಣಿಯ ಅಂಚಿಗೆ ಮಕ್ಕಳನ್ನು ಬಿಡಬೇಡಿ, ಬಾವಿಯ ಕಟ್ಟಡದ ಕಲ್ಲು ಕೆತ್ತಬೇಡಿ, ಕೆಳಗೆ ಬಿದ್ದದ್ದು ಬೇಕಾದಷ್ಟಿದೆ.

ಇನ್ನೊಂದು ಮಾತು. ಕಾರ್ತಿಕದಲ್ಲಿ ಒಮ್ಮೆ ರಾತ್ರಿ ಮಳೆಯಾದ ಮರುದಿನ ಹುರುಪಿನಲ್ಲಿ ಹೊರಟು, ಸಾರವಾಡದ ಹತ್ತಿರ ಹೊಲದ ದಾರಿಗೆ ಬೈಕು ಇಳಿಸಿದೆ. ಎರಿ ಮಣ್ಣು ಗಾಲಿಗೂ ಮಡ್ಗಾರ್ಡಿಗೂ ನಡುವೆ ತುಂಬಿಕೊಂಡು ಗಾಲಿ ನಿಂತೇಬಿಟ್ಟಿತು. ಜಾಲಿಕಟ್ಟಿಗೆಯಿಂದ ಕೆರೆದು ತೆಗೆಯುವಷ್ಟರಲ್ಲಿ ಮಧ್ಯಾಹ್ನವಾಗಿತ್ತು, ಒಂದು ಚಪ್ಪಲಿ ಇನ್ನೂ ಅಲ್ಲೇ ಇದೆ. ಹೊರಡುವ ಮುನ್ನಾದಿನ ಮಳೆಯಾಗಿದ್ದರೆ ಒಂದು ವಾರ ತಡೆಯಿರಿ.